ಗಿಡದ ಹೆಸರು ಹೇಳಿಕೊಟ್ಟವರು

ತಿರುವನಂತಪುರಕ್ಕೆ ರೈಲಿನಲ್ಲಿ ಹೋದವರು ಇಳಿಯುವುದು ತಂಪಾನೂರಿನಲ್ಲಿ. ಒಂದು ಕಡೆ ರೈಲು ನಿಲ್ದಾಣ. ರಸ್ತೆ ದಾಟಿದರೆ ಎದುರಿಗೇ ಬಸ್ ನಿಲ್ದಾಣ. ಅದರ ಪಕ್ಕಕ್ಕೆ ಇಟ್ಟಿಗೆಯ ಬುಗುರಿಯಂತೆ ಸುತ್ತಿಕೊಂಡು ಮೇಲೇರುವ ಇಂಡಿಯನ್ ಕಾಫಿ ಹೌಸ್. ಲಾರಿ ಬೇಕರ್ ಅವರು ರೂಪಿಸಿದ ಈ ಕಟ್ಟಡದೊಳಗೆ ಮೆಟ್ಟಿಲುಗಳಿಲ್ಲ, ಅಂತಸ್ತುಗಳಿಲ್ಲ. ಇಳಿಜಾರಾದ ಒಂದೇ ಹಾದಿ, ಅದರ ಅಂಚಿನುದ್ದಕ್ಕೂ ಮೇಜುಗಳು. ಕಾಫಿ ಚೆಲ್ಲದಂತೆ ಹೇಗೆ ತಂದಿಡುತ್ತಾರೋ ಆ ಪೇಟ ತೊಟ್ಟ ಪರಿಚಾರಕರಿಗೇ ಗೊತ್ತು.

ನಾವು ದಂಪತಿಗಳು ಅಲ್ಲಿಗೆ ಹೋದದ್ದು ನಮ್ಮ ಸಂಘದ ಹಳೆಯ ಸದಸ್ಯರೊಬ್ಬರ ಮಗಳ ಜೊತೆಗೆ. ಸಸ್ಯವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗಿ. ಅಲ್ಲಿ ನಡೆಯಲಿದ್ದ ಒಂದು ವಿಜ್ಞಾನ ಸಮ್ಮೇಳನದಲ್ಲಿ ತನ್ನ ಕೆಲಸವನ್ನು ತೋರಿಸುವುದಕ್ಕೆ ಹೊರಟಿದ್ದಳು. ಅವಳ ತಂದೆಗೆ ರಜೆ ಸಿಗಲಿಲ್ಲ. ನಮಗೆ ನಿವೃತ್ತಿಯಾಗಿದೆ, ಅನಂತಪದ್ಮನಾಭನ ದರ್ಶನವೂ ಬಾಕಿಯಿತ್ತು. ಹೀಗೆ ಮೂವರೂ ಹೊರಟೆವು. ಇಂಥ ಸಮ್ಮೇಳನಗಳಲ್ಲಿ ಹಿರಿಯರು ವೇದಿಕೆಯಲ್ಲಿ ಮಾತಾಡುತ್ತಾರೆ, ಕಿರಿಯರು ತಮ್ಮ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿ ಅದರ ಪಕ್ಕದಲ್ಲಿ ನಿಂತಿರುತ್ತಾರೆ ಎಂಬುದು ನಮಗೆ ಆಗಲೇ ತಿಳಿದದ್ದು. ಆ ಹಾಳೆಗೆ ಪೋಸ್ಟರ್ ಎನ್ನುತ್ತಾರಂತೆ. ಸಿನಿಮಾ ಪೋಸ್ಟರ್ ಬಿಟ್ಟು ಬೇರೆ ಪೋಸ್ಟರ್ ಕಾಣದ ನಮಗೆ ಸ್ವಲ್ಪ ನಗು ಬಂತು.

ಕಾಫಿ ಹೌಸಿನ ಓರೆ ನೆಲದ ಮೇಲೆ ಅವಳು ಅದನ್ನು ಬಿಡಿಸಿ ತೋರಿಸಿದಳು. ಮಲೆನಾಡಿನ ಹೊಲಗೇರು ಮರವನ್ನು ಕುರಿತ ಕೆಲಸ. ಆ ಮರದ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಊರಿನವರು ಅದರ ಕೆಳಗೆ ನಿಲ್ಲುವುದಕ್ಕೂ ಹಿಂಜರಿಯುತ್ತಾರೆ. ಚಿತ್ರಗಳು, ಗೆರೆಗಳು, ಕೋಷ್ಟಕಗಳು ಎಲ್ಲವೂ ಇದ್ದುವು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೃತಜ್ಞತೆ: ಮಾರ್ಗದರ್ಶಕರಿಗೆ, ಸಂಸ್ಥೆಗೆ, ಹಣ ಕೊಟ್ಟ ಇಲಾಖೆಗೆ, ಲೆಕ್ಕ ಮಾಡಿಕೊಟ್ಟ ಗಣಕಯಂತ್ರದ ಕೇಂದ್ರಕ್ಕೂ.

ನಮ್ಮ ಮನೆಯವರು ಕೇಳಿದರು: "ಅಲ್ಲಮ್ಮ, ಕಾಡಿನಲ್ಲಿ ಈ ಮರ ಎಲ್ಲೆಲ್ಲಿದೆ ಅಂತ ನಿನಗೆ ತೋರಿಸಿದವರು ಯಾರು?"

"ಒಬ್ಬರು ಅಜ್ಜ ಇದ್ದಾರೆ ಅತ್ತೆ. ಮೂರು ಬೇಸಗೆ ನನ್ನ ಜೊತೆ ತಿರುಗಿದ್ದಾರೆ. ಯಾವ ಮರದ ಸೊನೆ ಜೋರು, ಯಾವುದರದ್ದು ಕಮ್ಮಿ ಅಂತ ಅವರು ಹೇಳಿದ್ದನ್ನೇ ನಾನು ಆಮೇಲೆ ಪರೀಕ್ಷೆ ಮಾಡಿದ್ದು."

"ಅವರ ಹೆಸರು ಇಲ್ಲಿ ಕಾಣಲಿಲ್ಲ."

ಹುಡುಗಿ ಪೋಸ್ಟರನ್ನು ಸುತ್ತಿಟ್ಟಳು. ಉತ್ತರ ಕೊಡಲಿಲ್ಲ.

ಈ ಪ್ರಶ್ನೆ ಇಂದಿನದಲ್ಲ. ಮುನ್ನೂರೈವತ್ತು ವರ್ಷಗಳ ಹಿಂದೆ, ಇದೇ ಕೇರಳದ ಕೊಚ್ಚಿಯಲ್ಲಿ, ಗಿಡಮರಗಳ ವಿಷಯವಾಗಿಯೇ ಒಂದು ದೊಡ್ಡ ಕೂಟ ನಡೆದಿತ್ತು. ಅಂದಿನ ಮಟ್ಟಿಗೆ ಅದನ್ನು ಸಸ್ಯವಿಜ್ಞಾನದ ಸಮ್ಮೇಳನವೆಂದೇ ಕರೆಯಬಹುದು. ಅಲ್ಲಿ ಹೆಸರುಗಳ ವಿಷಯದಲ್ಲಿ ಏನು ನಡೆಯಿತೆಂಬುದನ್ನು ವಾಚಕರ ಮುಂದಿಡಬೇಕೆನ್ನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

1663ರಲ್ಲಿ ಡಚ್ಚರು ಪೋರ್ತುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡರು. ಅವರಿಗೆ ಬೇಕಾಗಿದ್ದುದು ಮೆಣಸು. ಆದರೆ 1670ರ ಹೊತ್ತಿಗೆ ಮಲಬಾರಿನ ಡಚ್ ಕಮಾಂಡರ್ ಆಗಿ ಬಂದ ಹೆಂಡ್ರಿಕ್ ವಾನ್ ರೀಡೆ ಎಂಬಾತನಿಗೆ ಮೆಣಸಿನ ಆಚೆಗೂ ಕಣ್ಣಿತ್ತು. ಊಟ್ರೆಕ್ಟಿನ ಕುಲೀನ ಮನೆತನದವನು. ಚಿಕ್ಕ ವಯಸ್ಸಿಗೇ ಕಂಪನಿಯ ಸೈನ್ಯ ಸೇರಿ ಪೂರ್ವಕ್ಕೆ ಬಂದವನು. ಸಸ್ಯಶಾಸ್ತ್ರವನ್ನು ಓದಿದವನಲ್ಲ. ಮಲಬಾರಿನ ಕಾಡಿನಲ್ಲಿ ಕುದುರೆ, ದೋಣಿಗಳ ಮೇಲೆ ತಿರುಗುವಾಗ ಕಂಡ ಹಸುರಿಗೆ ಮರುಳಾದವನು. ಕಂಪನಿಯ ವೈದ್ಯರು ಬಳಸುತ್ತಿದ್ದ ಔಷಧಿಗಳೆಲ್ಲ ಹಡಗಿನಲ್ಲಿ ಯುರೋಪಿನಿಂದ ಬರುತ್ತಿದ್ದುವು; ಅವುಗಳಲ್ಲಿ ಎಷ್ಟೋ ಮೂಲಿಕೆಗಳು ಮೊದಲು ಈ ಕಡೆಯಿಂದಲೇ ಹೋದವು, ಬರುವಷ್ಟರಲ್ಲಿ ಹಾಳಾಗಿರುತ್ತಿದ್ದುವು. ಹಿತ್ತಲ ಗಿಡವನ್ನು ಹಾಲೆಂಡಿನಿಂದ ತರಿಸಿಕೊಳ್ಳುವುದೇಕೆ ಎಂಬುದು ಅವನ ವಾದ. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಯನ್ನು ಅವನು ಕೇಳಿರಲಿಲ್ಲವೆಂದು ಕಾಣುತ್ತದೆ, ಅಥವಾ ಕೇಳಿದ್ದರೂ ಒಪ್ಪುತ್ತಿರಲಿಲ್ಲ.

ಸ್ಥಳೀಯ ಅರಸರ ನೆರವಿನಿಂದ ಅವನು ನೂರಾರು ಆಳುಗಳನ್ನು ಕಾಡಿಗೆ ಕಳುಹಿಸಿದ. ಹೂ, ಕಾಯಿ, ಬೇರು, ತೊಗಟೆ ಸಮೇತ ಗಿಡಗಳು ಕೊಚ್ಚಿಗೆ ಬರುತ್ತಿದ್ದುವು. ಚಿತ್ರಗಾರರು ಅವನ್ನು ಬಾಡುವ ಮೊದಲೇ ಬರೆದಿಡುತ್ತಿದ್ದರು. ವಿದ್ವಾಂಸರೂ ವೈದ್ಯರೂ ಕುಳಿತು ಒಂದೊಂದು ಗಿಡದ ಹೆಸರು, ಗುಣ, ಉಪಯೋಗಗಳನ್ನು ಚರ್ಚಿಸುತ್ತಿದ್ದರು. ಹೇಳಿದ್ದು ಮಲಯಾಳದಲ್ಲಿ, ಅದನ್ನು ಕೊಚ್ಚಿಯ ದ್ವಿಭಾಷಿ ಇಮಾನುವೇಲ್ ಕಾರ್ನೇರೊ ಪೋರ್ತುಗೀಸಿಗೆ ತಿರುಗಿಸಬೇಕು, ಅಲ್ಲಿಂದ ಡಚ್ಚಿಗೆ, ಕಡೆಗೆ ಲ್ಯಾಟಿನ್ನಿಗೆ. ಲ್ಯಾಟಿನ್ನಿನ ಕೆಲಸವನ್ನು ಆರಂಭದಲ್ಲಿ ವಹಿಸಿಕೊಂಡವನು ಯೋಹಾನ್ನೆಸ್ ಕಸೇರಿಯಸ್ ಎಂಬ ಪಾದ್ರಿ. ಈತ ತರುಣನಾಗಿದ್ದಾಗ ತತ್ತ್ವಜ್ಞಾನಿ ಸ್ಪಿನೋಜಾ ಅವರ ಬಳಿ ಪಾಠ ಹೇಳಿಸಿಕೊಂಡವನು. ಲೋಕ ಎಷ್ಟು ಚಿಕ್ಕದು ನೋಡಿ.

ಹೀಗೆ ಹುಟ್ಟಿದ ಗ್ರಂಥವೇ 'ಹೋರ್ತುಸ್ ಮಲಬಾರಿಕುಸ್', ಎಂದರೆ ಮಲಬಾರಿನ ತೋಟ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ದೊಡ್ಡ ಸಂಪುಟಗಳಾಗಿ ಹೊರಬಂತು. 742 ಸಸ್ಯಗಳ ವರ್ಣನೆ, ಸುಮಾರು 790 ತಾಮ್ರಪಟದ ಚಿತ್ರಗಳು. ಕೊನೆಯ ಸಂಪುಟವನ್ನು ಕಾಣುವ ಭಾಗ್ಯ ವಾನ್ ರೀಡೆಗೆ ಇರಲಿಲ್ಲ. 1691ರಲ್ಲಿ ಸೂರತ್ತಿಗೆ ಹೋಗುವ ಹಡಗಿನಲ್ಲಿ ತೀರಿಕೊಂಡ. ಅವನ ಗೋರಿ ಸೂರತ್ತಿನಲ್ಲಿದೆ.

ಗ್ರಂಥ ತೆರೆದರೆ ಮೊದಲು ಎದುರಾಗುವುದು ತೆಂಗು. ಮುಂದೆ ಹೋದಂತೆ ಕರಾವಳಿಯವರಿಗೆ ಪರಿಚಿತರೇ ಸಿಗುತ್ತಾರೆ. ಆಟಿ ಅಮಾವಾಸ್ಯೆಯಂದು ತುಳುನಾಡಿನಲ್ಲಿ ಬೆಳಕು ಹರಿಯುವ ಮೊದಲೇ ತೊಗಟೆ ಕೆತ್ತಿ ತಂದು ಕಷಾಯ ಮಾಡಿ ಕುಡಿಯುವ ಹಾಲೆಮರ 'ಪಾಲ' ಎಂಬ ಹೆಸರಿನಲ್ಲಿ ಮೊದಲನೆಯ ಸಂಪುಟದಲ್ಲೇ ಇದೆ. ಆ ಕಷಾಯದ ಕಹಿಯನ್ನು ಮುಂಬಯಿ, ದೆಹಲಿಗಳಲ್ಲಿ ಹುಟ್ಟಿದ ನಮ್ಮ ಮಕ್ಕಳು ಬಲ್ಲರೋ ಇಲ್ಲವೋ. ಕುಡಿದ ಮೇಲೆ ಬಾಯಿಗೆ ಹಾಕುತ್ತಿದ್ದ ಬೆಲ್ಲದ ಚೂರಂತೂ ನಮಗೆ ಮರೆತಿಲ್ಲ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುವ ಹುಳಿ ಅಲ್ಲಿ 'ಕೊಡಂಪುಳಿ'. ಕಾಸರಕ ಅಲ್ಲಿ 'ಕಾಂಜಿರಂ'. ಕಾಸರಗೋಡಿನ ಹೆಸರಿಗೇ ಈ ಮರ ಕಾರಣವೆಂದು ಹೇಳುವವರಿದ್ದಾರೆ. ಪ್ರತಿಯೊಂದು ಚಿತ್ರದ ಮೂಲೆಯಲ್ಲಿ ಆ ಗಿಡದ ಹೆಸರನ್ನು ರೋಮನ್, ಮಲಯಾಳ, ಅರಬಿ ಲಿಪಿಗಳಲ್ಲಿ ಕೆತ್ತಿದ್ದಾರೆ. ಅನೇಕ ಕಡೆ ನಾಗರಿ ಲಿಪಿಯಲ್ಲಿ ಕೊಂಕಣಿ ಹೆಸರೂ ಉಂಟು. ಪರದೇಶದ ಅಚ್ಚುಮನೆಯಲ್ಲಿ ಇದನ್ನು ಮಾಡಿಸಿದ ಶ್ರಮವನ್ನು ಊಹಿಸಿಕೊಳ್ಳಬೇಕು. ನಮ್ಮ ಕನ್ನಡ ಅಕ್ಷರ ಅಚ್ಚಿನ ಮೊಳೆಯಾಗಿ ವಿಲಿಯಂ ಕೇರಿಯ ವ್ಯಾಕರಣದಲ್ಲಿ ಶ್ರೀರಾಮಪುರದಿಂದ ಹೊರಬಂದದ್ದು 1817ರಲ್ಲಿ.

ಆದರೆ ಈ ಲೇಖನಕ್ಕೆ ಮುಖ್ಯವಾದದ್ದು ಚಿತ್ರಗಳಲ್ಲ, ಮೊದಲ ಸಂಪುಟದ ಆರಂಭದಲ್ಲಿ ಸೇರಿಸಿರುವ ಕೆಲವು ಪ್ರಮಾಣಪತ್ರಗಳು.

ಒಂದು ಪತ್ರ 1675ರ ಏಪ್ರಿಲ್ 20ರದು, ಹಳೆಯ ಕೋಲೆಳುತ್ತು ಲಿಪಿಯಲ್ಲಿದೆ. ಬರೆದವರು ಇಟ್ಟಿ ಅಚ್ಯುತನ್. ಚೇರ್ತಲೆಯ ಹತ್ತಿರ ಕರಪ್ಪುರಂ ಸೀಮೆಯ ಕಡಕ್ಕರಪ್ಪಳ್ಳಿಯಲ್ಲಿ ಕೊಲ್ಲಾಟ್ಟು ಎಂಬ ಮನೆತನದವರು, ಈಳವ ಜಾತಿಯವರು, ವಂಶಪಾರಂಪರ್ಯವಾಗಿ ವೈದ್ಯರು. ತಮ್ಮ ಊರು ಯಾವುದು, ಮನೆ ಯಾವುದು, ಜಾತಿ ಯಾವುದು, ಕಮಾಂಡರನ ಆಜ್ಞೆಯಂತೆ ಕೊಚ್ಚಿಗೆ ಬಂದು ಯಾವ ಯಾವ ವಿಷಯ ಹೇಳಿದೆ ಎಂಬುದನ್ನೆಲ್ಲ ಅವರು ತಮ್ಮ ಕೈಯಾರೆ ಬರೆದಿದ್ದಾರೆ. ಮನೆಯ ಗ್ರಂಥದಿಂದ ಹೇಳಿದ್ದೆಷ್ಟು, ಸ್ವಂತ ಅನುಭವದಿಂದ ಹೇಳಿದ್ದು ಎಂಥದು ಎಂಬ ವಿವೇಚನೆಯೂ ಇದೆ. ಇದು ಅಚ್ಚಾದ ಮಲಯಾಳದ ಅತ್ಯಂತ ಹಳೆಯ ಮಾದರಿಗಳಲ್ಲೊಂದು. ಅಂದಿನ ಸಮಾಜದಲ್ಲಿ ದೇವಸ್ಥಾನದ ಬೀದಿಯಲ್ಲಿ ನಡೆಯುವುದಕ್ಕೂ ಅಡ್ಡಿಯಿದ್ದ ಜಾತಿಯವರೊಬ್ಬರ ಕೈಬರಹ ಆಮ್‌ಸ್ಟರ್‌ಡಾಮಿನಲ್ಲಿ ತಾಮ್ರದ ಮೇಲೆ ಕೆತ್ತಲ್ಪಟ್ಟಿತು ಎಂಬುದನ್ನು ಓದುವಾಗ ನಮಗೆ ಒಂದು ಕ್ಷಣ ಕಣ್ಣು ತುಂಬಿತು.

ಇನ್ನೊಂದು ಪತ್ರ ಕೊಂಕಣಿಯಲ್ಲಿದೆ, ನಾಗರಿ ಲಿಪಿಯಲ್ಲಿ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಗೌಡ ಸಾರಸ್ವತ ವೈದ್ಯರದು. ಗೋವೆಯಲ್ಲಿ ಪೋರ್ತುಗೀಸರ ಕಾಟ ತಾಳಲಾರದೆ ಹದಿನಾರನೆಯ ಶತಮಾನದಲ್ಲಿ ಹೊರಟ ಕುಟುಂಬಗಳು ಕಾರವಾರ, ಕುಮಟೆ, ಮಂಗಳೂರು ಹಿಡಿದು ಕೊಚ್ಚಿಯವರೆಗೆ ಕರಾವಳಿಯುದ್ದಕ್ಕೂ ನೆಲೆಸಿದುವು. ಈ ಮೂವರು ಆ ವಲಸೆಯ ಮಕ್ಕಳು. ನಮ್ಮ ಸಂಘದಲ್ಲಿ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಆಡುವ ಪೈ, ಶೆಣೈ, ಭಟ್ಟ ಮನೆತನಗಳಿಗೆ ಇವರು ದೂರದ ದಾಯಾದಿಗಳೇ ಆಗಬೇಕು. ಎರಡು ವರ್ಷ ಕಾಲ ಹೊತ್ತು ಗೊತ್ತಿಲ್ಲದೆ ಈ ಕೆಲಸದಲ್ಲಿ ತೊಡಗಿದ್ದೆವೆಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಅವರು ತಂದದ್ದು ನಿಘಂಟುಗಳ ವಿದ್ಯೆ. ಇಟ್ಟಿ ಅಚ್ಯುತನ್ ತಂದದ್ದು ಕಾಡಿನ ವಿದ್ಯೆ. ವಲಸೆ ಬಂದವನು ಮೊದಲು ಕಲಿಯುವುದು ಹೊಸ ಊರಿನ ಗಿಡಕ್ಕೆ ಅಲ್ಲಿನವರು ಏನೆನ್ನುತ್ತಾರೆ ಎಂಬುದನ್ನು. ನಾವೆಲ್ಲ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತ ಕಲಿತವರಲ್ಲವೆ?

ವಾನ್ ರೀಡೆ ಸಂತನೇನಲ್ಲ. ಕಂಪನಿಯ ಅಧಿಕಾರಿ, ಮೆಣಸಿನ ಒಪ್ಪಂದಗಳನ್ನು ಬಂದೂಕು ತೋರಿಸಿ ಮಾಡಿಸಿಕೊಂಡ ವ್ಯವಸ್ಥೆಯ ಮನುಷ್ಯ. ಈ ಪತ್ರಗಳನ್ನು ಸೇರಿಸಿದ್ದೂ ಗ್ರಂಥ ನಂಬಲರ್ಹವೆಂದು ಯುರೋಪಿನವರಿಗೆ ಸಾಕ್ಷಿ ಕೊಡುವ ಉದ್ದೇಶದಿಂದ ಇರಬಹುದು. ಹಾಗಿದ್ದರೂ ಹೇಳಿಕೊಟ್ಟವರ ಹೆಸರು, ಊರು, ಮನೆ ಉಳಿಯಿತು. ಅದೇ ಕಾಲದ, ಅನಂತರದ ಎಷ್ಟು ಗ್ರಂಥಗಳಲ್ಲಿ 'ಸ್ಥಳೀಯರು ಹೇಳುತ್ತಾರೆ' ಎಂಬ ಎರಡು ಪದಗಳಲ್ಲೇ ಇಂಥ ಎಷ್ಟು ಮಂದಿ ಮುಗಿದುಹೋಗಿದ್ದಾರೆ!

ಮುಂದೆ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಲೋಕದ ಸಸ್ಯಗಳಿಗೆಲ್ಲ ಎರಡು ಪದದ ಹೆಸರಿಡಲು ಕುಳಿತಾಗ ಭಾರತದ ಗಿಡಗಳಿಗೆ ಅವನು ನೆಚ್ಚಿದ ಆಕರಗಳಲ್ಲಿ ಈ ಗ್ರಂಥ ಪ್ರಮುಖವಾದದ್ದು. ಭಾರತವನ್ನು ಅವನು ಕಂಡವನಲ್ಲ. ಒಣಗಿಸಿದ ಗಿಡದ ಮಾದರಿ ಇಲ್ಲದ ಕಡೆ ಮಲಬಾರಿನ ಈ ಚಿತ್ರವನ್ನೇ ಆಧಾರವಾಗಿಟ್ಟುಕೊಂಡ. ಆದುದರಿಂದ ಇಂದಿಗೂ ಹಲವು ಸಸ್ಯಗಳ ವಿಷಯದಲ್ಲಿ ಹೆಸರಿನ ತಕರಾರು ಬಂದರೆ ವಿಜ್ಞಾನಿಗಳು ಮರಳಿ ಹೋಗಿ ನೋಡಬೇಕಾದದ್ದು ಕೊಚ್ಚಿಯಲ್ಲಿ ಬರೆದ ಆ ಚಿತ್ರವನ್ನೇ. ಏಲಕ್ಕಿಯ ಶಾಸ್ತ್ರೀಯ ಹೆಸರು 'ಎಲೆಟ್ಟೇರಿಯ' ಎಂದಿರುವುದು ಈ ಗ್ರಂಥದ 'ಎಲೆಟ್ಟಾರಿ'ಯಿಂದ.

ಇನ್ನು ಮನುಷ್ಯರ ಹೆಸರಿನ ಗಿಡಗಳು. ವಾನ್ ರೀಡೆಯ ಹೆಸರಿನಲ್ಲಿ 'ರೀಡಿಯಾ' ಆಯಿತು. ಕಸೇರಿಯಸ್ ಪಾದ್ರಿಯ ಹೆಸರಿನಲ್ಲಿ 'ಕಸೇರಿಯಾ'. ಆಮ್‌ಸ್ಟರ್‌ಡಾಮಿನಲ್ಲಿ ಕುಳಿತು ಟಿಪ್ಪಣಿ ಬರೆದ ಯಾನ್ ಕಮೆಲಿನ್ ಮತ್ತು ಅವನ ಬಂಧುಗಳಿಗೆ 'ಕಮೆಲಿನಾ'. ಈ ಹೂವಿಗೆ ಎರಡು ದೊಡ್ಡ ನೀಲಿ ದಳ, ಒಂದು ಕಾಣದಂಥ ದಳ. ಕಮೆಲಿನ್ ಮನೆತನದಲ್ಲಿ ಇಬ್ಬರು ಹೆಸರು ಮಾಡಿದರು, ಮೂರನೆಯವನು ಏನನ್ನೂ ಸಾಧಿಸುವ ಮೊದಲೇ ಸತ್ತ ಎಂದು ಲಿನೇಯಸ್ ಅದಕ್ಕೆ ವಿವರಣೆ ಕೊಟ್ಟನಂತೆ. ದೊಡ್ಡವರ ವಿನೋದ!

ಇಟ್ಟಿ ಅಚ್ಯುತನ್‌ಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಲೂಮೆ ಎಂಬ ಸಸ್ಯಶಾಸ್ತ್ರಜ್ಞ ಜಾವಾದಲ್ಲಿ ಸಿಕ್ಕ, ತುರಿಕೆಗಿಡದ ಕುಟುಂಬಕ್ಕೆ ಸೇರಿದ ಒಂದು ಸಣ್ಣ ಗಿಡಕ್ಕೆ 'ಅಚುಡೆಮಿಯಾ' ಎಂದು ಹೆಸರಿಟ್ಟ. ಗ್ರಂಥದಲ್ಲಿ ಅಚ್ಯುತನ್ ಎಂಬುದು 'ಅಚುಡೆಂ' ಎಂದಾಗಿತ್ತು. ಆದರೆ ಅನಂತರದವರು ಇದೇನೂ ಬೇರೆ ಜಾತಿಯಲ್ಲ, 'ಪೈಲಿಯಾ' ಎಂಬ ದೊಡ್ಡ ಬಳಗಕ್ಕೇ ಸೇರಿದ್ದು ಎಂದು ತೀರ್ಮಾನಿಸಿ ಆ ಹೆಸರನ್ನು ಕೈಬಿಟ್ಟರು. ಪೈಲಿಯಾ ಎಂದರೆ ವಾಚಕರು ಗಾಬರಿಯಾಗಬೇಕಿಲ್ಲ. ಎಲೆಯ ಮೇಲೆ ಬೆಳ್ಳಿ ಬಳಿದಂತಿರುವ, ಫ್ಲಾಟಿನ ಬಾಲ್ಕನಿಯ ಕುಂಡಗಳಲ್ಲಿ ಬೆಳೆಸುವ ಗಿಡವೂ ಅದೇ ಬಳಗದ್ದು. ಹಾಗೆ ಆ ವೈದ್ಯರ ಹೆಸರು ಬಹುಕಾಲ ಅಡಗಿಹೋಗಿತ್ತು. ಈಗಿನವರು ಗಿಡದ ಡಿಎನ್‌ಎಯನ್ನೇ ಓದಿ ಯಾವುದು ಯಾವುದರ ನೆಂಟ ಎಂದು ನಿರ್ಧರಿಸುತ್ತಾರೆ. ಹೀಗೆ ಪೈಲಿಯಾ ಬಳಗವನ್ನು ಪರೀಕ್ಷಿಸಿದ ಚೀನ, ಬ್ರಿಟನ್ ವಿಜ್ಞಾನಿಗಳು ಅದರಲ್ಲೊಂದು ಕವಲು ನಿಜವಾಗಿಯೂ ಬೇರೆಯೇ ಎಂದು ಕಂಡು, ಆ ಕವಲಿಗೆ ಅಚುಡೆಮಿಯಾ ಎಂಬ ಹಳೆಯ ಹೆಸರನ್ನು ಮರಳಿ ಕೊಡಬೇಕೆಂದು 2022ರಲ್ಲಿ ಪ್ರಕಟಿಸಿದರು. ಯಾರ ಮೇಲಿನ ಅಭಿಮಾನದಿಂದಲೂ ಅಲ್ಲ, ಬರಿಯ ಲೆಕ್ಕಾಚಾರದಿಂದ. ರಂಗ ಭಟ್ಟರಾದಿಯಾಗಿ ಮೂವರ ಹೆಸರಿನ ಗಿಡ ಯಾವುದೂ ನಮ್ಮ ಗಮನಕ್ಕೆ ಬಂದಿಲ್ಲ.

ಈ ಗ್ರಂಥವನ್ನು ಲ್ಯಾಟಿನ್ನಿನ ಬೀಗದಿಂದ ಬಿಡಿಸಿದವರು ಕೆ. ಎಸ್. ಮಣಿಲಾಲ್. ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಲ್ಯಾಟಿನ್ ಕಲಿತು, ಶಿಷ್ಯರೊಡನೆ ವಾನ್ ರೀಡೆಯ ಆಳುಗಳು ತಿರುಗಿದ ಕಾಡುಗಳಲ್ಲೇ ತಿರುಗಿ, ಗ್ರಂಥದ ಗಿಡಗಳನ್ನು ಮರಳಿ ಹುಡುಕಿ ಗುರುತಿಸಿದರು. ಸುರೇಶ್ ಹಾಗೂ ಅಮೆರಿಕದ ನಿಕಲ್ಸನ್ ಅವರೊಡನೆ 1988ರಲ್ಲಿ ಒಂದು ವ್ಯಾಖ್ಯಾನ ಗ್ರಂಥ ತಂದರು. ಹನ್ನೆರಡು ಸಂಪುಟಗಳ ಇಂಗ್ಲಿಷ್ ಅನುವಾದವನ್ನು ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ, ಮಲಯಾಳ ಅನುವಾದವನ್ನು 2008ರಲ್ಲಿ ಪ್ರಕಟಿಸಿತು. ಮಲಯಾಳಿ ವೈದ್ಯರು ಹೇಳಿದ್ದು ಮಲಯಾಳಿಗಳಿಗೇ ತಿರುಗಿ ಓದಲು ಸಿಗುವುದಕ್ಕೆ 330 ವರ್ಷ ಹಿಡಿಯಿತು. 2020ರಲ್ಲಿ ಪದ್ಮಶ್ರೀ ಪಡೆದ ಮಣಿಲಾಲ್ 2025ರ ಜನವರಿ 1ರಂದು ತೀರಿಕೊಂಡರು. ಒಂದು ಪುಸ್ತಕಕ್ಕೆ ಆಯುಷ್ಯದ ಬಹುಭಾಗವನ್ನು ತೆತ್ತವರು.

ಕನ್ನಡಕ್ಕೆ ಇದರಲ್ಲಿ ಪಾಲು ಉಂಟೇ ಎಂದು ಕೇಳುವವರಿಗೆ ನಮ್ಮ ಹುಡುಗಿಯ ಹೊಲಗೇರು ಉತ್ತರ ಹೇಳುತ್ತದೆ. ಹೊಲಗೇರಿನ ಬಳಗದ ಒಂದು ಮರ ಹೋರ್ತುಸ್ ಮಲಬಾರಿಕುಸ್‌ನಲ್ಲಿ 'ಕಾಟ್ಟು ಚೇರು' ಎಂದಿದೆ. ಆದರೆ ಶಾಸ್ತ್ರದಲ್ಲಿ ಆ ಬಳಗಕ್ಕೆ ನಿಂತ ಹೆಸರು 'ಹೋಲಿಗಾರ್ನ', ನಮ್ಮ ಹೊಲಗೇರೇ ಲ್ಯಾಟಿನ್ ವೇಷ ತೊಟ್ಟು ನಿಂತದ್ದು. ಟಿಪ್ಪು ಮಡಿದ ಮರುವರ್ಷವೇ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಹೆಸರಿನೊಡನೆ ಬೆಸೆದುಕೊಂಡಿದ್ದಾನೆ. ಅವನಿಗೆ ಹೊಲಗೇರನ್ನು ತೋರಿಸಿ, ಸೊನೆ ತಾಗೀತು ಜೋಕೆ ಎಂದು ಎಚ್ಚರಿಸಿದ ಕನ್ನಡಿಗ ಯಾರೋ ಇದ್ದಿರಲೇಬೇಕು. ಆತನಿಗೆ ಪ್ರಮಾಣಪತ್ರ ಬರೆಯುವ ಅವಕಾಶ ಸಿಕ್ಕಲಿಲ್ಲ.

ಈಚಿನ ಸಂಗತಿಗೆ ಬರೋಣ. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 97ನೆಯ ಅಧಿವೇಶನ 2010ರ ಜನವರಿ 3ರಿಂದ 7ರವರೆಗೆ ತಿರುವನಂತಪುರದಲ್ಲೇ ನಡೆಯಿತು. ಪ್ರಧಾನಿ ಮನಮೋಹನ ಸಿಂಗ್ ಉದ್ಘಾಟಿಸಿದರು. ಆಗ ದೇಶದಲ್ಲೆಲ್ಲ ಚರ್ಚೆ ಬಿಟಿ ಬದನೆಯದು. ಒಂದು ಬಗೆಯ ಮಣ್ಣಿನ ಸೂಕ್ಷ್ಮಾಣುವಿನ ವಂಶವಾಹಿಯನ್ನು ಬದನೆಗೆ ಸೇರಿಸಿ ಕಾಯಿಕೊರಕ ಹುಳುವನ್ನು ತಡೆಯುವ ತಂತ್ರ. ಮರುತಿಂಗಳು 6ರಂದು ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆದು, 9ರಂದು ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ಬದನೆ ತಿಂದರೆ ಏನಾಗುತ್ತದೆ ಎಂಬ ವಾದ ಎಲ್ಲರಿಗೂ ನೆನಪಿದೆ. ಆದರೆ ಅದರೊಳಗೆ ಇನ್ನೊಂದು ವಾದವಿತ್ತು: ಯಾರ ಬದನೆ? ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ವಂಶವಾಹಿಯನ್ನು ಸೇರಿಸಿದ ಕರ್ನಾಟಕದ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಮಟ್ಟು ಗ್ರಾಮದವರು ವಾದಿರಾಜಸ್ವಾಮಿಗಳು ಕೊಟ್ಟ ಬೀಜವೆಂದು ನಂಬಿ ತಲೆತಲಾಂತರದಿಂದ ಉಳಿಸಿಕೊಂಡು ಬಂದ ಗುಳ್ಳ, ಪರ್ಯಾಯದ ಊಟದಲ್ಲಿ ಸಾಂಬಾರಾಗದೆ ಇರದ ಗುಳ್ಳ! ಸ್ಥಳೀಯ ತಳಿಗಳನ್ನು ಬಳಸುವ ಮೊದಲು ಜೀವವೈವಿಧ್ಯ ಕಾಯಿದೆಯ ಪ್ರಕಾರ ಅನುಮತಿ ಪಡೆಯಲಿಲ್ಲವೆಂದು ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆ 2010ರಲ್ಲೇ ದೂರು ಕೊಟ್ಟಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿ, 2012ರಲ್ಲಿ ಮೊಕದ್ದಮೆ ಧಾರವಾಡದ ನ್ಯಾಯಾಲಯಕ್ಕೆ ಹೋಯಿತು. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಬೆಳೆಗಾರರ ಪಾಲಿಗೆ ಒಂದು ಬಗೆಯ ಪ್ರಮಾಣಪತ್ರ. ಹುಳು ತಡೆಯುವ ವಿದ್ಯೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಮಟ್ಟುವಿನವರನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೆ.

ಕೇಳಿದವರ ಕಥೆಯೂ ತಿರುವನಂತಪುರದ ಸುತ್ತಲೇ ಇದೆ. ತಂಪಾನೂರಿನಿಂದ ಈಶಾನ್ಯಕ್ಕೆ ಬಸ್ಸಿನಲ್ಲಿ ಹೋದರೆ ಪಾಲೋಡು ಸಿಗುತ್ತದೆ. ಅಲ್ಲಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ 1979ರಲ್ಲಿ ಆರಂಭವಾದದ್ದು. ಆಚೆಗೆ ಅಗಸ್ತ್ಯಮಲೆ, ಅಲ್ಲಿಯ ಕಾಡಿನ ಮೂಲನಿವಾಸಿಗಳು ಕಾಣಿಗಳು. 1987ರಲ್ಲಿ ಪುಷ್ಪಾಂಗದನ್ ಅವರ ನೇತೃತ್ವದ ವಿಜ್ಞಾನಿಗಳ ತಂಡ ಕಾಣಿ ತರುಣರನ್ನು ದಾರಿ ತೋರಿಸಲು ಕರೆದುಕೊಂಡು ಬೆಟ್ಟ ಹತ್ತುತ್ತಿತ್ತು. ವಿಜ್ಞಾನಿಗಳಿಗೆ ಏದುಸಿರು; ತರುಣರು ಏನೋ ಸಣ್ಣ ಕಾಯಿಗಳನ್ನು ಅಗಿಯುತ್ತ ಆಯಾಸವಿಲ್ಲದೆ ಮುಂದೆ ಹೋಗುತ್ತಿದ್ದರು. ಇವರೂ ತಿಂದು ನೋಡಿದರು, ಹುರುಪು ಬಂತು. ಗಿಡ ಯಾವುದೆಂದು ಕೇಳಿದರೆ ತರುಣರು ಬಾಯಿ ಬಿಡಲಿಲ್ಲ. ಅದು ಕುಲದ ಗುಟ್ಟು. ಬಹಳ ಒತ್ತಾಯದ ಮೇಲೆ ಮಲ್ಲನ್ ಕಾಣಿ, ಕುಟ್ಟಿಮಾತನ್ ಕಾಣಿ ಮೊದಲಾದವರು ತೋರಿಸಿಕೊಟ್ಟ ಆ ಗಿಡವೇ 'ಆರೋಗ್ಯಪಚ್ಚ', ಹೃದಯದಾಕಾರದ ಎಲೆಯ, ತೊರೆಯ ಬದಿಯ ನೆರಳಿನಲ್ಲಿ ಬೆಳೆಯುವ ಪುಟ್ಟ ಸಸ್ಯ.

ಪಾಲೋಡಿನ ಸಂಸ್ಥೆ ಅದರಿಂದ, ಇನ್ನು ಮೂರು ಮೂಲಿಕೆಗಳನ್ನು ಸೇರಿಸಿ, 'ಜೀವನಿ' ಎಂಬ ಔಷಧಿ ಸಿದ್ಧಪಡಿಸಿ ಕೊಯಮತ್ತೂರಿನ ಒಂದು ಆಯುರ್ವೇದ ಕಂಪನಿಗೆ 10 ಲಕ್ಷ ರೂಪಾಯಿ ಶುಲ್ಕ ಮತ್ತು ಮಾರಾಟದ ಮೇಲೆ ಶೇಕಡ 2ರ ರಾಯಧನಕ್ಕೆ ಏಳು ವರ್ಷ ತಯಾರಿಸುವ ಹಕ್ಕು ಕೊಟ್ಟಿತು. ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ. ಅದಕ್ಕಾಗಿ 1997ರಲ್ಲಿ ಕಾಣಿ ಸಮುದಾಯದ ಹೆಸರಿನಲ್ಲಿ ಒಂದು ಟ್ರಸ್ಟ್ ನೋಂದಣಿಯಾಯಿತು. ಬುಡಕಟ್ಟಿನವರ ಜ್ಞಾನಕ್ಕೆ ಪಾಲು ಕೊಟ್ಟ ಮೊದಲ ಉದಾಹರಣೆಗಳಲ್ಲಿ ಒಂದೆಂದು ಇದು ಲೋಕದ ಸಭೆಗಳಲ್ಲಿ ಹೊಗಳಿಸಿಕೊಂಡಿತು. ನಮ್ಮ ದೇಶದ ಜೀವವೈವಿಧ್ಯ ಕಾಯಿದೆ ಬಂದದ್ದು 2002ರಲ್ಲಿ. ಇದು ಅದಕ್ಕೂ ಮೊದಲಿನದು.

ಹಾಗೆಂದು ಕಥೆ ಸುಖಾಂತವಲ್ಲ. ಗಿಡ ಬೆಳೆಯುವುದು ಅರಣ್ಯ ಇಲಾಖೆಯ ನೆಲದಲ್ಲಿ. ಎಲೆ ಕೊಯ್ಯುವುದಕ್ಕೆ ಇಲಾಖೆ ಅಡ್ಡ ಬಂತು. ನಮ್ಮನ್ನು ಕೇಳದೆ ಗುಟ್ಟನ್ನು ಬಿಟ್ಟುಕೊಟ್ಟಿರೆಂದು ಕಾಣಿಗಳಲ್ಲೇ ಕೆಲವರು ಮುನಿದರು. 'ಜೀವನಿ' ಎಂಬ ಹೆಸರನ್ನು ಅಮೆರಿಕದಲ್ಲಿ ಒಂದು ಕಂಪನಿ ತನ್ನ ವ್ಯಾಪಾರದ ಗುರುತಾಗಿ ನೋಂದಾಯಿಸಿಕೊಂಡಿತು. ಕೊಯಮತ್ತೂರಿನ ಕಂಪನಿಯ ಹಕ್ಕಿನ ಅವಧಿ ಮುಗಿದು ಮತ್ತೆ ನವೀಕರಣವಾಗಲಿಲ್ಲ. ಟ್ರಸ್ಟಿಗೆ ಬಂದ ಹಣ ಕೆಲವು ಲಕ್ಷಗಳಷ್ಟೆ.

2019ರಲ್ಲಿ ತಿರುವನಂತಪುರದ ಹೊರವಲಯದ ಕಾರ್ಯವಟ್ಟಂ ಕ್ಯಾಂಪಸ್ಸಿನ ಕೇರಳ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆರೋಗ್ಯಪಚ್ಚದ ಜೀನೋಮನ್ನು, ಎಂದರೆ ಸುಮಾರು 70 ಕೋಟಿ ಅಕ್ಷರಗಳ ಅದರ ವಂಶಲಿಪಿಯನ್ನು, ಕರಡಿನ ರೂಪದಲ್ಲಿ ಓದಿ ಪ್ರಕಟಿಸಿದರು. ಮೆಚ್ಚಬೇಕಾದ ಕೆಲಸ. ಇಂಥ ಲಿಪಿಯನ್ನು ಎಲ್ಲರಿಗೂ ತೆರೆದಿಡುವುದು ಇಂದಿನ ವಿಜ್ಞಾನದ ಪದ್ಧತಿ. ಆದರೆ ಇದರಿಂದ ಹೊಸದೊಂದು ತೊಡಕು. ಒಂದು ಗಿಡದ ಅಕ್ಷರಗಳು ಗಣಕಯಂತ್ರಕ್ಕೆ ಸೇರಿದ ಮೇಲೆ ಯಾರೂ ಅಗಸ್ತ್ಯಮಲೆಯನ್ನು ಹತ್ತಬೇಕಾಗಿಲ್ಲ, ಯಾವ ಕಾಣಿಯನ್ನೂ ಕಾಯಿ ಕೊಡೆಂದು ಕೇಳಬೇಕಾಗಿಲ್ಲ. ಯಾವ ದೇಶದಲ್ಲಾದರೂ ಕುಳಿತು ಅದರಿಂದ ಔಷಧಿ ಮಾಡಬಹುದು. 2024ರಲ್ಲಿ ಕೊಲಂಬಿಯಾ ದೇಶದ ಕಾಲಿ ನಗರದಲ್ಲಿ ಸೇರಿದ ರಾಷ್ಟ್ರಗಳು ಇದಕ್ಕೊಂದು ದಾರಿ ಹುಡುಕಿದವು. ಇಂಥ ಲಿಪಿಗಳಿಂದ ಲಾಭ ಮಾಡುವ ಕಂಪನಿಗಳು ಒಂದು ನಿಧಿಗೆ ಹಣ ಕೊಡಬೇಕು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ಸಲ್ಲಬೇಕು ಎಂಬುದು ಆಶಯ. ನಿಧಿ 2025ರ ಫೆಬ್ರವರಿಯಲ್ಲಿ ಆರಂಭವಾಯಿತು. ಕೊಡುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಇಚ್ಛೆಯಿಂದ ವಂತಿಗೆ ಎತ್ತುವ ಕಷ್ಟ ಸಂಘ ನಡೆಸುವವರಿಗೆ ಚೆನ್ನಾಗಿ ಗೊತ್ತು.

ಇದನ್ನೆಲ್ಲ ನಾವು ಆ ದಿನವೇ ಕೂತು ಹುಡುಗಿಗೆ ಹೇಳಲಿಲ್ಲ. ಅರ್ಧ ಅವಳೇ ನಮಗೆ ಹೇಳಿದ್ದು; ಉಳಿದದ್ದನ್ನು ಮರಳಿ ಬಂದ ಮೇಲೆ ಓದಿಕೊಂಡೆವು. ಇಟ್ಟಿ ಅಚ್ಯುತನ್ ಪತ್ರದ ವಿಷಯ ಮಾತ್ರ ಅಲ್ಲೇ, ಎರಡನೆಯ ಕಾಫಿಯ ಹೊತ್ತಿಗೆ, ಅವಳ ಬಾಯಲ್ಲೇ ಬಂತು. ಹೇಳುತ್ತ ಹೇಳುತ್ತ ಸುಮ್ಮನಾದಳು. ಆಮೇಲೆ ಕಾಫಿ ಹೌಸಿನಿಂದ ಹೊರಗೆ ಹೋಗಿ, ಬಸ್ಸುಗಳ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಊರಿಗೆ ಫೋನು ಮಾಡಿದಳು.

"ಏನಂದರು ಅಜ್ಜ?" ಎಂದು ನಾವು ಕೇಳಿದೆವು.

"ಹೆಸರು ಹಾಕಿದರೆ ಪೊಲೀಸಿನವರು ಬರುವುದಿಲ್ಲ ತಾನೆ ಅಂತ ಕೇಳಿದರು ಮಾವ. ಇಲ್ಲ ಅಂದೆ. ಹಾಗಾದರೆ ಬರೀ ಹೆಸರು ಬೇಡ, ಅದೇ ಹೆಸರಿನವರು ನಮ್ಮೂರಲ್ಲಿ ನಾಲ್ಕು ಜನ ಇದ್ದಾರೆ, ಮನೆ ಹೆಸರೂ ಹಾಕು ಅಂದರು."

ಪೋಸ್ಟರು ಆಗಲೇ ಅಚ್ಚಾಗಿತ್ತು. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದು ಬಿಳಿ ಹಾಳೆ, ಕಪ್ಪು ಪೆನ್ನು, ಗೋಂದಿನ ಸಣ್ಣ ಬಾಟಲಿ ಕೊಂಡೆವು. ಕೃತಜ್ಞತೆಯ ಕೆಳಗೆ ಅಂಟಿಸುವ ಚೀಟಿಯಲ್ಲಿ ಅವಳು ಮೊದಲು ಇಂಗ್ಲಿಷಿನಲ್ಲಿ ಬರೆದಳು, ಅದರ ಕೆಳಗೆ ಕನ್ನಡದಲ್ಲೂ ಬರೆದಳು. ಕಾರ್ಯವಟ್ಟಂ ಕಡೆಯ ಬಸ್ಸು ಬಂತು. ಅಂಟು ಇನ್ನೂ ಒಣಗಿರಲಿಲ್ಲವಾದ್ದರಿಂದ ಪೋಸ್ಟರನ್ನು ಸುತ್ತದೆ, ನಮ್ಮ ಮನೆಯವರು ಒಂದು ತುದಿ, ಅವಳು ಒಂದು ತುದಿ ಹಿಡಿದುಕೊಂಡು ಹತ್ತಿದರು.